ಸೂರ್ಯನ ಚಟುವಟಿಕೆ ಬದಲಾದರೆ ಭೂಮಿಯ ಹವಾಮಾನವೂ ಬದಲಾಗುತ್ತದೆಯೇ?

ಬದಲಾಗುತ್ತದೆ, ಆದರೆ ಅತ್ಯಲ್ಪ. ನಮ್ಮ ವಿಜಯಪುರದ ಬೇಸಿಗೆ ಬಿರುಸಾಗಲು ಸೂರ್ಯನೇ ಕಾರಣವೆಂಬ ಕಟ್ಟೆಯ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಸೂರ್ಯಕಲೆಗಳು, ಅಂದರೆ ಸೂರ್ಯನ ಮೈಮೇಲಿನ ಕಪ್ಪು ಮಚ್ಚೆಗಳು, ಸುಮಾರು 11 ವರ್ಷಗಳ ಆವರ್ತದಲ್ಲಿ ಹೆಚ್ಚಿ ತಗ್ಗುವಾಗ, ಭೂಮಿಗೆ ತಲುಪುವ ಚದರ ಮೀಟರಿಗೆ ಸುಮಾರು 1361 ವಾಟ್ ಶಕ್ತಿ ಶೇ. 0.1ರಷ್ಟು ಮಾತ್ರ ಏರಿಳಿಯುತ್ತದೆ. ಅದರಿಂದ ಜಾಗತಿಕ ಸರಾಸರಿ ಉಷ್ಣಾಂಶದಲ್ಲಾಗುವ ವ್ಯತ್ಯಾಸ 0.1 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು.

ನನಗೆ ಹೆಚ್ಚು ಮನವರಿಕೆಯಾದ ಸಾಕ್ಷ್ಯ ಬೇರೆಯದು. ಬಿಸಿಲೇ ಹೆಚ್ಚಿದ್ದರೆ ವಾಯುಮಂಡಲ ಮೇಲಿನಿಂದ ಕೆಳಗಿನವರೆಗೂ ಕಾಯಬೇಕಿತ್ತು. ಆದರೆ ಕೆಳಪದರ ಕಾಯುತ್ತಿದ್ದರೂ ಅದರ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಕರಿಕಂಬಳಿ ಹೊದ್ದವನ ಮೈ ಬೆಚ್ಚಗಿದ್ದು ಕಂಬಳಿಯ ಹೊರಮೈ ತಣ್ಣಗಿರುವಂತೆ, ನೆಲದ ಶಾಖವನ್ನು ಕೆಳಗೇ ತಡೆಯುವ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದರ ಗುರುತು ಇದು.