ಕೋಬ್ರಾ ಪ್ರತಿಕೃತಿಗೆ ಯಾವ ಎಂಜಿನ್ ಹೊಂದುತ್ತದೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ನಾನು 1965ರ ಶೆಲ್ಬಿ ಕೋಬ್ರಾ 427 ಕಾರಿನ ಪ್ರತಿಕೃತಿಯೊಂದನ್ನು ಕಟ್ಟಿಸಲು ಹೊರಟಿದ್ದೇನೆ. ನೋಟ ಹಳೆಯದರಂತೆಯೇ ಇರಬೇಕು, ಓಡಿಸಲು ಮಾತ್ರ ಈಗಿನ ಕಾರಿನಷ್ಟು ಸಲೀಸಾಗಿರಬೇಕು. ಹಳೆಯ ಮಾದರಿಯ 427 (427 ಘನ ಇಂಚಿನ) ಎಂಜಿನ್ ಹಾಕಿಸಲೇ, ಫೋರ್ಡ್‌ನ 5.0 ಲೀಟರ್ ಕಯೋಟಿ ಎಂಜಿನ್ ಹಾಕಿಸಲೇ? ನೋಂದಣಿಗೆ ತೊಡಕಾದೀತೇ?

ಉತ್ತರ: ನೀವು ಹೇಳಿರುವ ಬಳಕೆಗೆ ಕಯೋಟಿಯೇ ಸೂಕ್ತ. ಮೂಲದ 427 ಎರಕದ ಕಬ್ಬಿಣದ, ಬಹಳ ಭಾರದ ಎಂಜಿನ್. ಅಲ್ಯೂಮಿನಿಯಂ ಬ್ಲಾಕಿನ ಕಯೋಟಿ ಅದಕ್ಕಿಂತ ಸಾಕಷ್ಟು ಹಗುರವಾದುದರಿಂದ ಮುಂದಿನ ಚಕ್ರಗಳ ಮೇಲಿನ ಹೊರೆ ಇಳಿಯುತ್ತದೆ, ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ವ್ಯವಸ್ಥೆ ಇರುವುದರಿಂದ ಚಳಿಯ ಬೆಳಗಿನಲ್ಲೂ ತಕರಾರಿಲ್ಲದೆ ಹೊತ್ತಿಕೊಳ್ಳುತ್ತದೆ. ಬಾನೆಟ್ ಎತ್ತಿದಾಗ ಹಳೆಯ ಎಂಜಿನ್ನೇ ಕಾಣಬೇಕೆನ್ನುವವರಿಗೆ ಈ ಸಲಹೆ ರುಚಿಸದು. ಆದರೆ 427 ಎಂಬ ಹೆಸರಿನಲ್ಲಿ ಮಾರಾಟವಾದ ಮೂಲ ಕಾರುಗಳಲ್ಲೇ ಹಲವಕ್ಕೆ ಕೂರಿಸಿದ್ದು ಅಗ್ಗದ 428 ಎಂಜಿನ್ ಎಂಬುದನ್ನು ಅವರೂ ನೆನಪಿಡಬೇಕು.

ಎಂಜಿನ್ ಬದಲಾದರೆ ಉಳಿದ ಭಾಗಗಳೂ ಬದಲಾಗಬೇಕಾಗುತ್ತದೆ ಎಂಬುದಕ್ಕೆ ಮೂಲ ಕಾರೇ ಸಾಕ್ಷಿ. 1962ರಲ್ಲಿ ಅಮೆರಿಕದ ಮಾಜಿ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿ ಅವರು ಬ್ರಿಟನ್ನಿನ ಎಸಿ ಏಸ್ ಎಂಬ ಹಗುರ ಕಾರನ್ನು ಆಧರಿಸಿ, ಅದಕ್ಕೆ ಫೋರ್ಡ್‌ನ ಚಿಕ್ಕ ವಿ8 ಎಂಜಿನ್ ಅಳವಡಿಸಿ ಕೋಬ್ರಾ ಸಿದ್ಧಪಡಿಸಿದರು. 1965ರಲ್ಲಿ 7 ಲೀಟರಿನ 427 ಬಂದಾಗ ಚಾಸಿಯ ಕೊಳವೆಗಳನ್ನು 3 ಇಂಚಿನಿಂದ 4 ಇಂಚಿಗೆ ದಪ್ಪಗೊಳಿಸಿ, ಪಟ್ಟಿ ಸ್ಪ್ರಿಂಗುಗಳ ಬದಲು ಕಾಯಿಲ್ ಸ್ಪ್ರಿಂಗುಗಳನ್ನು ಹಾಕಬೇಕಾಯಿತು. ನಿಮ್ಮ ಕಾರಿನ ತೊಡಕು ಬೇರೆ ಬಗೆಯದು. ಕಯೋಟಿ ಹಗುರವಾದರೂ ಅದರ ತಲೆಭಾಗದಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ನಾಲ್ಕು ಕ್ಯಾಮ್‌ಶಾಫ್ಟ್‌ಗಳಿರುವುದರಿಂದ ಅಗಲ ಹೆಚ್ಚು. ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಹೆಡರ್ ಕೊಳವೆಗಳಿಗೂ ಸ್ಟೀರಿಂಗ್ ಶಾಫ್ಟ್‌ಗೂ ನಡುವೆ ಎಷ್ಟು ಅಂತರ ಉಳಿಯುತ್ತದೆಂಬುದನ್ನು ಚಾಸಿ ಆರಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಹಣ ಸೀಮಿತವಾಗಿದ್ದರೆ ಎಂಜಿನ್ನಿನ ಕುದುರೆಶಕ್ತಿಗಿಂತ ಬ್ರೇಕು ಮತ್ತು ಟಯರುಗಳಿಗೆ ಮೊದಲ ಪಾಲು ಕೊಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕೇವಲ 90 ಇಂಚು ಅಂತರವಿರುವ, ಫೈಬರ್‌ಗ್ಲಾಸ್ ಮೈಯ ಈ ಹಗುರ ಕಾರು ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ತುಸು ಹೆಚ್ಚು ಒತ್ತಿದರೂ ಹಿಂಭಾಗ ಜಾರಿ ತಿರುಗಿಬಿಡಬಹುದು. ಬಿಡಿಭಾಗಗಳಾಗಿ ಕೊಂಡು ಜೋಡಿಸುವ ಇಂಥ ಕಿಟ್‌ ಕಾರುಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸಾಮಾನ್ಯವಾಗಿ ಇರುವುದಿಲ್ಲ. ಮೂಲ ಕಾರಿನಂತೆ 15 ಇಂಚಿನ ಚಕ್ರಗಳನ್ನೇ ಹಾಕಿಸಿದರೆ ನೋಟವೇನೋ ಚೆಂದ, ಆದರೆ ಆ ಅಳತೆಯಲ್ಲಿ ಒಳ್ಳೆಯ ಹಿಡಿತದ ಅಗಲ ಟಯರುಗಳು ಸಿಗುವುದು ವಿರಳ ಮತ್ತು ದೊಡ್ಡ ಬ್ರೇಕ್ ಡಿಸ್ಕ್‌ಗಳಿಗೆ ಒಳಗೆ ಜಾಗವೂ ಸಾಲದು. ಹಳೆಯ ವಿನ್ಯಾಸದಲ್ಲೇ ಸಿಗುವ 17 ಇಂಚಿನ ಚಕ್ರಗಳಿಗೆ ಒಪ್ಪಿಕೊಳ್ಳಿ. ಕಾರಿನ ಬದಿಯಲ್ಲಿ ಹಾಯುವ ಹೊಗೆ ಕೊಳವೆಗಳಾದ ಸೈಡ್ ಪೈಪ್‌ಗಳಿಗೆ ಶಾಖ ತಡೆಯುವ ಕವಚವನ್ನು ಮರೆಯದೆ ಹಾಕಿಸಿ. ಇಳಿಯುವಾಗ ಮೀನಖಂಡ ಸುಟ್ಟುಕೊಂಡ ಕೋಬ್ರಾ ಮಾಲೀಕರು ಬಹಳ ಮಂದಿ.

ನೋಂದಣಿ ಕಷ್ಟವಲ್ಲ, ಆದರೆ ಕ್ರಮ ತಪ್ಪಬಾರದು. ನಿಮ್ಮದರಂತೆ ವಿಶೇಷವಾಗಿ ನಿರ್ಮಿಸಿದ ವಾಹನಗಳ ಪೈಕಿ ಪ್ರತಿ ವರ್ಷ ಮೊದಲ 500ಕ್ಕೆ, ಮೈಯ ಅಥವಾ ಎಂಜಿನ್ನಿನ ಮಾದರಿ ಯಾವ ವರ್ಷದ್ದೋ ಆ ವರ್ಷದ ಹೊಗೆ ನಿಯಮವನ್ನಷ್ಟೇ ಅನ್ವಯಿಸುವ ರಿಯಾಯಿತಿಯನ್ನು ಕ್ಯಾಲಿಫೋರ್ನಿಯಾದ ಎಸ್‌ಬಿ 100 ಕಾನೂನು ಕೊಡುತ್ತದೆ. ಬೇರೆ ರಾಜ್ಯದಲ್ಲಿ 1965ರ ಕಾರೆಂದು ದಾಖಲಾದ ಪ್ರತಿಕೃತಿಯನ್ನು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಒಪ್ಪಬೇಡಿ, ಆ ದಾಖಲೆ ಮುಂದೆ ನಿಮ್ಮ ಮೇಲೆಯೇ ಮೊಕದ್ದಮೆ ತರಬಲ್ಲದು. ಚಾಸಿ, ಎಂಜಿನ್, ಗೇರ್‌ಬಾಕ್ಸ್‌ಗಳ ಖರೀದಿ ರಸೀದಿಗಳನ್ನು ಮೊದಲ ದಿನದಿಂದಲೇ ಜೋಡಿಸಿಡಿ; ಬಿಡಿಭಾಗಗಳು ನಿಮ್ಮವೇ ಎಂದು ವಾಹನ ನೋಂದಣಿಯ ಡಿಎಂವಿ ಕಚೇರಿಯಲ್ಲಿ ತೋರಿಸಲು ಅವು ಬೇಕಾಗುತ್ತವೆ.