ಗಾಲೆ ಕೋಟೆಗೆ ಅಮ್ಮನನ್ನೂ ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಕ್ರಿಸ್‌ಮಸ್ ರಜೆಯಲ್ಲಿ ಶ್ರೀಲಂಕಾದ ಗಾಲೆ ಕೋಟೆ ನೋಡುವ ಆಸೆ. ಜೊತೆಗೆ ಮಂಡಿನೋವಿನ ಅಮ್ಮ ಇರ್ತಾರೆ. ನಾವು ಸಸ್ಯಾಹಾರಿಗಳು. ನಮ್ಮ ಬೇಕಲ ಕೋಟೆ ನೋಡಿದವರಿಗೆ ಅಲ್ಲಿ ಹೊಸತೇನಿದೆ?
– ಓದುಗರು, ಬದಿಯಡ್ಕ

ಉತ್ತರ: ಖಂಡಿತ ಹೋಗಿ ಬನ್ನಿ. ಬೇಕಲದೊಳಗೆ ಈಗ ಜನವಸತಿ ಇಲ್ಲ, ಅಲ್ವಾ? ಗಾಲೆಯಲ್ಲಿ ಗೋಡೆಯೊಳಗೆ ಒಂದು ಊರೇ ಇದೆ. ಮನೆ, ಮಸೀದಿ, 1755ರ ಡಚ್ ಚರ್ಚು, ಎಲ್ಲ ಒಂದೇ ಕಡೆ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದನ್ನು 1640ರಲ್ಲಿ ಗೆದ್ದ ಡಚ್ಚರು ಕಲ್ಲಿನಲ್ಲಿ ಗಟ್ಟಿ ಮಾಡಿದರು. 2004ರ ಸುನಾಮಿಯಲ್ಲಿ ಹೊರಗಿನ ಪೇಟೆ ಕೊಚ್ಚಿಹೋದರೂ ಈ ಗೋಡೆಯಿಂದಾಗಿ ಒಳಗಿನ ಊರು ಬಹುಮಟ್ಟಿಗೆ ಉಳಿಯಿತು. ಅದೊಂದಕ್ಕೇ ಆ ಗೋಡೆ ನೋಡಬೇಕು ಅಂತೀನಿ.

ಹಳೇ ಬಾಗಿಲನ್ನು ಸುಮ್ನೆ ದಾಟಿ ಹೋಗಬೇಡಿ. ಹೊರಮೈಯಲ್ಲಿ ಬ್ರಿಟಿಷರ ಲಾಂಛನ. ಒಳಗೆ ಬಂದು ತಿರುಗಿ ನೋಡಿದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯದ್ದು: ಎರಡು ಸಿಂಹ, ಮೇಲೊಂದು ಹುಂಜ, 1669 ಎಂಬ ಇಸವಿ.

ಅಮ್ಮನಿಗೆ ಒಳಗಿನ ಬೀದಿಗಳು ಕಷ್ಟವಾಗಲಾರವು, ಜಾಸ್ತಿ ಏರಿಳಿತವಿಲ್ಲ, ಆಟೋ ಕೂಡ ಒಳಗೆ ಬರುತ್ತದೆ. ಗೋಡೆಯ ಮೇಲೆ ಮಾತ್ರ ಜಾಗ್ರತೆ. ಅಲ್ಲಲ್ಲಿ ನೆಲ ಏರುಪೇರು, ಕಡಲ ಕಡೆ ಎಷ್ಟೋ ಕಡೆ ತಡೆಯೇ ಇಲ್ಲ. ಬಿಸಿಲಿಳಿದ ಮೇಲೆ ಹೋಗಿ.

ಊಟದಲ್ಲಿ ತೆಂಗಿನ ತುರಿಯ ಸಂಬೋಲ ಕೊಡುತ್ತಾರೆ, ನಮ್ಮ ಚಟ್ನಿಯ ಹಾಗೇ ಕಾಣುತ್ತದೆ, ಆದರೆ ಅದರಲ್ಲಿ ಹೆಚ್ಚಾಗಿ ಒಣಮೀನಿನ ಚೂರು ಇರುತ್ತದೆ, ಮೊದಲೇ ಕೇಳಿ. ಕೊಲಂಬೊದಿಂದ ರೈಲಿನಲ್ಲಿ ಹೋಗುವುದಾದರೆ ಬಲಬದಿಯ ಕಿಟಕಿ ಹಿಡಿಯಿರಿ, ಕಡಲು ಆ ಕಡೆಗೇ. ಡಿಸೆಂಬರಿಗೆ ಅಲ್ಲಿ ನೈಋತ್ಯ ಮಳೆಗಾಲ ಮುಗಿದಿರುತ್ತದೆ. ಟಿಕೆಟ್ ತೆಗೆಯುವ ಮೊದಲು ವೀಸಾ ನಿಯಮ ನೋಡಿಕೊಳ್ಳಿ, ಅದು ಆಗಾಗ ಬದಲಾಗುತ್ತಿರುತ್ತದೆ.