ಸಂಪಾದಕರ ಉತ್ತರ: ದನಿ ಎತ್ತಿದ್ದಕ್ಕೇ ಈ ಅರ್ಧ ಪುಟ

ಮಾನ್ಯ ಓದುಗರೇ,

ನಿಮ್ಮ ಪತ್ರ ತಲುಪಿತು. ಹನ್ನೊಂದು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನೀವು ಸಭೆಯಲ್ಲಿ ಸೂಚಿಸಿದಾಗ ಯಾರೂ ಕಿವಿಗೊಡದ ಪರಿಹಾರವನ್ನೇ ಸ್ವಲ್ಪ ಹೊತ್ತಿನ ಬಳಿಕ ಸಹೋದ್ಯೋಗಿಯೊಬ್ಬರು ಹೇಳಿದಾಗ ಎಲ್ಲರೂ ತಲೆದೂಗಿದ್ದನ್ನೂ, ವಾರ್ಷಿಕ ಮೌಲ್ಯಮಾಪನದಲ್ಲಿ ನಿಮ್ಮ ಕೆಲಸದ ಬಗ್ಗೆ ಎರಡು ಸಾಲು, ‘ಮಾತಿನ ಧಾಟಿ’ಯ ಬಗ್ಗೆ ಅರ್ಧ ಪುಟ ಇದ್ದುದನ್ನೂ ಬರೆದಿದ್ದೀರಿ. ಮಹಿಳೆಯರು ಹಿಂಜರಿಕೆ ಬಿಟ್ಟು ದನಿ ಎತ್ತಬೇಕೆಂದು ಕಳೆದ ಸಂಚಿಕೆಯ ನಮ್ಮ ಲೇಖನ ನೀಡಿದ ಸಲಹೆಯನ್ನು ನೆನಪಿಸಿ, ‘ದನಿ ಎತ್ತಿದ್ದಕ್ಕೇ ಅಲ್ಲವೇ ಈ ಅರ್ಧ ಪುಟ?’ ಎಂದು ಕೇಳಿದ್ದೀರಿ. ಆಕ್ಷೇಪ ನ್ಯಾಯವಾದದ್ದು. ದೋಷ ಹೇಳುವವರ ದನಿಯಲ್ಲಿದೆ ಎಂದು ಆ ಲೇಖನ ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ದನಿಯೇ ಇಲ್ಲದ ಕಡೆಯೂ ಹೀಗೆಯೇ ಆಗುತ್ತದೆ. ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್‌ಗಳನ್ನು, ಅಂದರೆ ‘ನನ್ನ ಕೋಡ್ ಸೇರಿಸಿಕೊಳ್ಳಿ’ ಎಂಬ ಕೋರಿಕೆಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಟ್ಟಾರೆ ನೋಡಿದರೆ ಮಹಿಳೆಯರ ಕೋಡ್ ಪುರುಷರದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸ್ವೀಕೃತವಾಗಿತ್ತು. ಆದರೆ ಯೋಜನೆಗೆ ಹೊರಗಿನವರಾದವರ ಪೈಕಿ, ಹೆಣ್ಣೆಂದು ಗುರುತು ಸಿಗುವವರ ಕೋಡ್ ಸ್ವೀಕಾರವಾಗುವ ಪ್ರಮಾಣ ಕುಸಿದಿತ್ತು. ಗುರುತು ತಿಳಿದಾಗ ಪುರುಷರದ್ದೂ ಇಳಿದಿತ್ತು, ಅಷ್ಟೊಂದಲ್ಲ. ಈ ಗುಟ್ಟು ಸ್ಟೆಫನಿ ಶರ್ಲಿ ಅವರಿಗೆ ಬಹಳ ಹಿಂದೆಯೇ ತಿಳಿದಿತ್ತು. 1962ರಲ್ಲಿ ಬ್ರಿಟನ್ನಿನಲ್ಲಿ ಸಾಫ್ಟ್‌ವೇರ್ ಕಂಪನಿ ಆರಂಭಿಸಿದ ಅವರು, ತಮ್ಮ ಹೆಸರಿನಲ್ಲಿ ಬರೆದ ವ್ಯವಹಾರ ಪತ್ರಗಳಿಗೆ ಉತ್ತರ ಬಾರದಿದ್ದಾಗ ‘ಸ್ಟೀವ್’ ಎಂದು ಸಹಿ ಮಾಡತೊಡಗಿದರು. ಆಮೇಲೆ ಬಾಗಿಲುಗಳು ತೆರೆದವು. ನೀವೂ ಇಮೇಲ್‌ಗಳಲ್ಲಿ ಇನಿಷಿಯಲ್ ಮಾತ್ರ ಬಳಸುವುದಾಗಿ ಬರೆದಿದ್ದೀರಿ. ಅರವತ್ತು ವರ್ಷಗಳಲ್ಲಿ ನಾವು ಬಂದಿರುವ ದೂರ ಇಷ್ಟೇ ಎಂಬುದನ್ನು ಓದಿ ಮನಸ್ಸು ಪಿಚ್ಚೆಂದಿತು.

‘ಇದು ಮೊದಲಿನಿಂದಲೂ ಗಂಡಸರ ಕ್ಷೇತ್ರ, ಬದಲಾಗಲು ಕಾಲ ಬೇಕು’ ಎಂದ ನಿಮ್ಮ ಮೇಲಧಿಕಾರಿಗೆ ಇತಿಹಾಸ ಗೊತ್ತಿದ್ದಂತಿಲ್ಲ. 1946ರಲ್ಲಿ ಲೋಕಕ್ಕೆ ಪರಿಚಯಿಸಲಾದ ಎನಿಯಾಕ್ ಗಣಕಕ್ಕೆ ಪ್ರೋಗ್ರಾಂ ರೂಪಿಸಿದ ಮೊದಲ ತಂಡದ ಆರು ಮಂದಿಯೂ ಮಹಿಳೆಯರು. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಮಹಿಳೆಯರ ಪಾಲು 1980ರ ದಶಕದ ನಡುವೆ ಶೇ 37ರಷ್ಟಿದ್ದದ್ದು, ಮುಂದೆ ಶೇ 18ರ ಆಸುಪಾಸಿಗೆ ಇಳಿಯಿತು. ಕಾಲ ಸರಿದಂತೆ ತಾನಾಗಿ ಸರಿಹೋಗುವ ಸಂಗತಿ ಹೀಗೆ ಹಿಂದಕ್ಕೆ ನಡೆಯುವುದಿಲ್ಲ.

ಒಂದು ಮಾತಿಗೆ ಮಾತ್ರ ನನ್ನ ಸಹಮತವಿಲ್ಲ. ಮನುಷ್ಯರ ಬದಲು ಯಂತ್ರವೇ ಅಳೆದರೆ ಪಕ್ಷಪಾತ ತಪ್ಪೀತು ಎಂಬ ನಿಮ್ಮ ಆಸೆ ಎಂಜಿನಿಯರ್‌ಗೆ ಸಹಜವಾದದ್ದು. ಆದರೆ ಅಮೆಜಾನ್ ಕಂಪನಿ ಪ್ರಯೋಗಿಸಿ ಕೈಬಿಟ್ಟ ನೇಮಕಾತಿ ವ್ಯವಸ್ಥೆಯೊಂದರ ಸುದ್ದಿ 2018ರಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಹತ್ತು ವರ್ಷಗಳಲ್ಲಿ ಬಂದಿದ್ದ, ಬಹುಪಾಲು ಪುರುಷರದ್ದೇ ಆದ ರೆಸ್ಯೂಮೆಗಳಿಂದ ಕಲಿತ ಅದು, ‘ಮಹಿಳಾ’ ಎಂಬರ್ಥದ ಪದ ಕಂಡ ರೆಸ್ಯೂಮೆಗಳಿಗೆ ಅಂಕ ಕಡಿಮೆ ಮಾಡುತ್ತಿತ್ತು. ನಿಮ್ಮ ಆ ಅರ್ಧ ಪುಟವನ್ನೂ ಅಂಥ ಯಂತ್ರವೊಂದು ಮುಂದೆ ಪಾಠವಾಗಿ ಓದಬಹುದು.

ಏನು ಮಾಡಲಿ ಎಂದು ಕೇಳಿದ್ದೀರಿ. ಕಚೇರಿಯ ಒಳಗನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆದ್ದರಿಂದ ಒಂದೇ ಸಲಹೆ. ‘ಧಾಟಿ’ಯ ಬಗ್ಗೆ ಬರೆದ ಪ್ರತಿ ಟೀಕೆಗೂ ಯಾವ ದಿನ, ಯಾವ ಮಾತು, ಅದರಿಂದ ಕೆಲಸಕ್ಕೆ ಆದ ಹಾನಿಯೇನು ಎಂಬುದನ್ನು ಲಿಖಿತವಾಗಿ ಕೇಳಿ. ಅದೇ ತಂಡದ ಪುರುಷರ ಮೌಲ್ಯಮಾಪನಗಳಲ್ಲಿ ಧಾಟಿಗೆ ಎಷ್ಟು ಸಾಲು ಮೀಸಲಾಗಿದೆ ಎಂಬುದನ್ನು ಪರಿಶೀಲಿಸುವಂತೆ ಮಾನವ ಸಂಪನ್ಮೂಲ ವಿಭಾಗವನ್ನು ಕೋರಿ. ಇದರಿಂದ ನಿಮಗೆ ತೊಂದರೆಯಾಗುವ ಅಪಾಯವಿದೆ ಎಂಬುದನ್ನು ಮುಚ್ಚಿಡಲಾರೆ. ಹಾಗಾಗಿ ಕೇಳುವುದೋ ಬಿಡುವುದೋ ನಿಮ್ಮ ತೀರ್ಮಾನ. ನಮ್ಮ ಲೇಖನದ ಕುರಿತ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ನಿಮ್ಮ ಇಚ್ಛೆಯಂತೆ ಹೆಸರನ್ನು ಪ್ರಕಟಿಸಿಲ್ಲ.

— ಸಂಪಾದಕ